ಇರ್ಬೋದು ಮೇಡಂ

ಈಗ ಮನೆಗೆ ಸುಣ್ಣ ಬಳಿಯುವವರು ಕಡಿಮೆ. ಅಂಗಡಿಯಿಂದ ಡಬ್ಬಿ ಬಣ್ಣ ತರುತ್ತಾರೆ, ಎರಡು ದಿನ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ, ಮುಗಿಯಿತು. ಹೋದ ತಿಂಗಳು ಬೀರೂರಿನಲ್ಲಿ ನಮ್ಮ ಎದುರು ಮನೆಯವರು ಮಾತ್ರ ಕೊಟ್ಟಿಗೆಗೆ ಬಳಿಯಲೆಂದು ಹಳೆಯ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದರು. ಭುಸ್ಸೆಂದು ಕುದಿಯಿತು. ಆ ಬಿಸಿ ಹಬೆಯ ವಾಸನೆ ರಸ್ತೆ ದಾಟಿ ನಮ್ಮ ಜಗಲಿಗೆ ಬಂದಾಗ ನಾನು ಪತ್ರಿಕೆ ಓದುತ್ತ ಕೂತಿದ್ದೆ. ಪತ್ರಿಕೆಯಲ್ಲಿ ಮಂಗಳ ಗ್ರಹದ ಒಂದು ಬಂಡೆಯ ಚಿತ್ರವಿತ್ತು. ಬಂಡೆಯ ಮೇಲೆ ಏನೋ ಚುಕ್ಕೆಗಳು. ಬಹಳ ಹಿಂದೆ ಅಲ್ಲಿ ಜೀವ ಇದ್ದದ್ದರ ಕುರುಹು ಇರಬಹುದು ಎಂದು ವಿಜ್ಞಾನಿಗಳು ಹೇಳುತ್ತಾರಂತೆ. ಇರಬಹುದು, ಇಲ್ಲದೆಯೂ ಇರಬಹುದು, ಇನ್ನೂ ನೋಡಬೇಕಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಪತ್ರಿಕೆಯನ್ನು ಕುರ್ಚಿಯ ಮೇಲೆ ಎಸೆದು ಒಳಗೆ ಹೋದೆ. ಯಾವುದೋ ಗ್ರಹದ ಕಲ್ಲು ನಿನಗೇನು ಮಾಡಿತಮ್ಮಾ ಎಂದು ಮಗಳು ನಕ್ಕಳು. ಕಲ್ಲು ಏನೂ ಮಾಡಿಲ್ಲ. ಆ 'ಇರಬಹುದು' ಎಂಬ ಮಾತು ಮಾಡಿದೆ. ಈಗ ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಓದಿದವರು ಕಾಫಿ ಲೋಟ ಹಿಡಿದು ತಲೆದೂಗುತ್ತಾರೆ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅದೇ ಮಾತು ಆಡಿದ್ದಕ್ಕೆ ನಮ್ಮೂರಿನಲ್ಲಿ ಒಬ್ಬ ಹೆಂಗಸನ್ನು ಹುಚ್ಚಿ ಎಂದರು, ಅಡ್ಡಹೆಸರಿಟ್ಟರು, ಕೊನೆಗೆ ಕೆಲಸದಿಂದಲೇ ಕಳಿಸಿದರು. ಆಗ ತಲೆದೂಗುವವರು ಯಾರೂ ಇರಲಿಲ್ಲ.

ನಮ್ಮೂರು ಅಜ್ಜಂಪುರ ಸ್ಟೇಷನ್ನಿನಿಂದ ಎರಡು ಮೈಲಿ. ಹೆಸರು ಹೇಳುವುದಿಲ್ಲ. ನಮ್ಮ ಹೈಸ್ಕೂಲಿನ ಹೆಡ್‌ಮೇಷ್ಟ್ರ ಮಕ್ಕಳು ಮೊಮ್ಮಕ್ಕಳು ಆ ಕಡೆಯೇ ಇದ್ದಾರೆ, ಸಿಕ್ಕಾಗ ಕಾಲಿಗೆ ಬೀಳುವಷ್ಟು ಒಳ್ಳೆಯವರು, ಅವರ ತಪ್ಪೇನೂ ಇಲ್ಲ. ಊರಿನ ಹೊರಗೆ ಒಂದು ಸುಣ್ಣದ ಗೂಡು ಇತ್ತು, ಅದರ ಪಕ್ಕದಲ್ಲೇ ಕಲ್ಲು ತೆಗೆಯುವ ಗುಂಡಿ. ಗೂಡು ಸಾಹುಕಾರರದು, ಬೆಂಕಿ ನಮ್ಮಪ್ಪನದು ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಕಲ್ಲು ಆರಿಸುವುದು, ಒಂದು ವರಸೆ ಕಲ್ಲು ಒಂದು ವರಸೆ ಸೌದೆ ಎಂದು ಜೋಡಿಸುವುದು, ಉರಿ ಸಾಕು ಎಂದು ಹೇಳುವುದು, ಇವೆಲ್ಲ ಅಪ್ಪನ ಕೆಲಸ. ಸುಟ್ಟ ಕಲ್ಲನ್ನು ಅಂಗೈಯಲ್ಲಿ ತೂಗಿ ನೋಡಿ, ಕೆಳಗಿಟ್ಟು, ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದ. ಅದು ಹಬೆ ಬಿಟ್ಟು ಅರಳಿದರೆ 'ಜೀವ ಐತೆ' ಅನ್ನುತ್ತಿದ್ದ. ಸುಮ್ಮನೆ ಕೂತರೆ 'ಸತ್ತ ಕಲ್ಲು' ಎಂದು ಪಕ್ಕಕ್ಕೆ ಒಗೆಯುತ್ತಿದ್ದ. ಇನ್ನೂ ಸುಡದ ಹಸಿ ಕಲ್ಲಿಗೂ ಅದೇ ಮಾತು. ಇದರಲ್ಲಿ ಜೀವ ಐತೆ ಅಂದರೆ ಒಳ್ಳೆಯ ಸುಣ್ಣವಾಗುತ್ತದೆ ಅಂತ. ಈ ಕಲ್ಲು ನೋಡ್ರಪ್ಪ ಅಂದರೆ ಒಂದು ಬುಟ್ಟಿ ಸುಟ್ಟು ನೋಡಿ ಅಂತ. ಆ ಗೂಡಿನ ಬಳಿ ಬೆಳೆದ ನನಗೆ ಜೀವ ಎಂಬುದಕ್ಕೆ ಬೇರೆ ಅರ್ಥ ಇದೆಯೆಂದು ಗೊತ್ತಾದದ್ದು ಶಾಲೆಗೆ ಹೋದ ಮೇಲೆಯೇ.

ಗುಂಡಿಯ ನಡುವೆ ಒಂದು ದಿಬ್ಬವಿತ್ತು, ಆಳೆತ್ತರದ್ದು. ಅದನ್ನು ಗೆರೆಕಲ್ಲು ಅನ್ನುತ್ತಿದ್ದೆವು. ಬೂದು ಕಲ್ಲು, ಅದರ ಮೈತುಂಬ ಕಂದು ಗೆರೆ, ಬಾಣಲೆಗಳನ್ನು ಒಂದರ ಮೇಲೊಂದು ಕವುಚಿಟ್ಟ ಹಾಗೆ ಉಬ್ಬುಬ್ಬಾಗಿ. ಗೆರೆಕಲ್ಲು ಗೂಡಿನೊಳಗೆ ಪಟಾರನೆ ಸಿಡಿಯುತ್ತಿತ್ತೇ ಹೊರತು ಸುಣ್ಣವಾಗುತ್ತಿರಲಿಲ್ಲ. ಹಾಗಾಗಿ ನಮ್ಮ ತಾತನ ಕಾಲದಿಂದಲೂ ಸುತ್ತ ಅಗೆದು ಅದನ್ನು ಬಿಟ್ಟುಬಿಟ್ಟಿದ್ದರು. ಕಲ್ಲು ಒಡೆಯುವ ಹೆಂಗಸರು ಅದರ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಕೆಲಸಕ್ಕೆ ಬಾರದ್ದು ಎಂಬ ಒಂದೇ ಕಾರಣಕ್ಕೆ ಅದು ಅಷ್ಟು ವರ್ಷ ಉಳಿದಿತ್ತು.

ವಿಶಾಲಾಕ್ಷಿ ಮೇಡಂ ಬಂದದ್ದು ಆ ವರ್ಷ ಜೂನ್‌ನಲ್ಲಿ. ನಾನು ಹತ್ತನೇ ಕ್ಲಾಸು. ಅವರು ವಿಜ್ಞಾನಕ್ಕೆ ಬಂದ ಟೆಂಪೊರರಿ ಮೇಡಂ. ಕಡೂರಿನವರು, ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಅಜ್ಜಂಪುರಕ್ಕೆ ಬಂದು ಅಲ್ಲಿಂದ ನಡೆದು ಬರುತ್ತಿದ್ದರು. ಆ ಎರಡು ಮೈಲಿಯಲ್ಲಿ ಅವರ ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ, ದಾರಿಯ ಕಲ್ಲು ಎತ್ತುವುದು, ತಿರುಗಿಸುವುದು, ಚೀಲಕ್ಕೆ ಹಾಕಿಕೊಳ್ಳುವುದು. ಮೈಸೂರಿನಲ್ಲಿ ಕಲ್ಲುಮಣ್ಣಿನ ವಿಷಯವನ್ನೇ ಓದಿದ್ದರಂತೆ. ಸೀರೆಯ ಅಂಚಿಗೆ ಯಾವಾಗಲೂ ಕೆಮ್ಮಣ್ಣು. ಗಂಡಸರು ಎದುರಿಗೆ ಮೇಡಂ ಅನ್ನುತ್ತಿದ್ದರು, ಹಿಂದೆ ಆಡುತ್ತಿದ್ದುದು ಬೇರೆ.

ಗೆರೆಕಲ್ಲಿನ ದಿಬ್ಬವನ್ನು ಅವರಿಗೆ ತೋರಿಸಿದವಳು ನಾನೇ. ಬೂದುಬಣ್ಣದ ಕಲ್ಲು ಎಲ್ಲಿ ಸಿಗುತ್ತೆ ಅಂತ ಕ್ಲಾಸಿನಲ್ಲಿ ಕೇಳಿದರು, ನಾನು ಕೈ ಎತ್ತಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋದೆ. ಅವರು ದಿಬ್ಬದ ಮುಂದೆ ಮಂಡಿಯೂರಿ ಕೂತರು, ಮುಂಗೈಯಿಂದ ಧೂಳು ಒರೆಸಿದರು, ಒಂದೊಂದು ಗೆರೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಇದನ್ನು ಯಾರಾದರೂ ಒಡೀತಾರಾ ಎಂದು ಕೇಳಿದರು. ಗೆರೆಕಲ್ಲನ್ನು ಯಾರೂ ಸುಡಲ್ಲ ಮೇಡಂ, ಅದು ಸುಣ್ಣ ಆಗಲ್ಲ ಅಂದೆ. ಅವರ ಮುಖ ಅರಳಿತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅವರನ್ನು ನಿಶ್ಚಿಂತೆಯಾಗಿ ಇರುವಂತೆ ಮಾಡಿದ್ದು ನಾನು.

ಅದೇ ಮಳೆಗಾಲದಲ್ಲಿ ಅಮೆರಿಕದವರ ನೌಕೆ ಮಂಗಳದ ಮೇಲೆ ಇಳಿದಿತ್ತು. ರೇಡಿಯೊದಲ್ಲಿ ಒಂದೆರಡು ವಾಕ್ಯ, ಪತ್ರಿಕೆಯಲ್ಲಿ ಕಲ್ಲು ತುಂಬಿದ ಬಯಲಿನ ಮಸುಕು ಚಿತ್ರ. ನಮ್ಮ ಕೆಮ್ಮಣ್ಣುಗುಂಡಿ ದಾರಿಯ ಹಾಗೇ ಇದೆಯಲ್ಲ ಎಂದು ಹುಡುಗರು ನಕ್ಕರು. ಮೇಡಂ ಪಾಠ ಪುಸ್ತಕ ಮುಚ್ಚಿಟ್ಟು ಎರಡು ಪೀರಿಯಡ್ ಅದನ್ನೇ ಹೇಳಿದರು. ಆ ನೌಕೆ ಅಲ್ಲಿಯ ಮಣ್ಣನ್ನು ಬಾಚಿ ಡಬ್ಬಿಯೊಳಗೆ ಹಾಕಿಕೊಂಡಿತಂತೆ, ಅದಕ್ಕೆ ಸೂಕ್ಷ್ಮಜೀವಿಗಳು ತಿನ್ನುವಂಥದ್ದನ್ನು ಕೊಟ್ಟಿತಂತೆ, ಮಣ್ಣು ಉಸಿರು ಬಿಟ್ಟ ಹಾಗೆ ಗಾಳಿ ಬಂತಂತೆ. ಆದರೆ ಅದು ಜೀವದ ಉಸಿರೋ ಬರೀ ಮಣ್ಣಿನ ರಾಸಾಯನಿಕ ಗುಣವೋ ಎಂದು ಅಲ್ಲಿಯ ದೊಡ್ಡವರೇ ಜಗಳವಾಡುತ್ತಿದ್ದಾರಂತೆ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತೆ, ಹಾಗಂತ ಸುಣ್ಣಕ್ಕೆ ಜೀವ ಇದೆಯಾ ಎಂದು ನಮ್ಮನ್ನು ಕೇಳಿದರು.

ನಾನು ಎದ್ದು ನಿಂತು ಐತೆ ಮೇಡಂ ಅಂದೆ. ನಮ್ಮಪ್ಪ ದಿನಾ ಹೇಳ್ತಾನೆ, ಕುದ್ದರೆ ಜೀವ ಐತೆ ಅಂತ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಡಮ್ಮಿಗೂ ನಗು ತಡೆಯಲಾಗಲಿಲ್ಲ. ಅದು ಮಾತಿಗೆ ಹೇಳೋದು ಕಣೇ, ಕೂತ್ಕೋ ಅಂದರು. ಕೂತೆ. ಕಿವಿಯ ತುದಿ ಸುಡುತ್ತಿತ್ತು. ಗೂಡಿನ ಮಾತನ್ನು ಇನ್ನು ಶಾಲೆಯಲ್ಲಿ ಆಡಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಹದಿನೈದು ವರ್ಷದ ಹುಡುಗಿಯ ತೀರ್ಮಾನ ಎಷ್ಟು ಗಟ್ಟಿ ಇರುತ್ತದೆ ಎಂದು ಹದಿನೈದು ದಾಟಿದವರಿಗೆ ಮರೆತುಹೋಗಿರುತ್ತದೆ.

ಆಮೇಲೆ ಅವರು ಬೋರ್ಡಿನ ಮೇಲೆ ನಮ್ಮ ಗೆರೆಕಲ್ಲನ್ನು ಬರೆದರು. ಒಂದಾನೊಂದು ಕಾಲದಲ್ಲಿ, ಮನುಷ್ಯರಿರಲಿ ಮರಗಿಡವೂ ಇಲ್ಲದ ಕಾಲದಲ್ಲಿ, ಇಲ್ಲಿ ತೆಳ್ಳಗೆ ನೀರು ನಿಂತಿತ್ತು. ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟುತ್ತಲ್ಲ, ಅಂಥದ್ದೇ ಏನೋ ಆ ನೀರಿನ ತಳದಲ್ಲಿ ಕಟ್ಟಿತು. ಮೇಲೆ ಕೆಸರು ಕೂತಿತು, ಕೆಸರಿನ ಮೇಲೆ ಮತ್ತೆ ಪಾಚಿ, ಮತ್ತೆ ಕೆಸರು. ಅದೇ ಗಟ್ಟಿಯಾಗಿ ಈ ಗೆರೆ ಆಗಿರಬಹುದು. ಮಂಗಳದಲ್ಲೂ ಹಿಂದೆ ನೀರಿದ್ದರೆ, ಅಲ್ಲೂ ಯಾವುದಾದರೂ ಕಲ್ಲು ಇಂಥ ಗೆರೆ ಹೊತ್ತುಕೊಂಡು ಕೂತಿರಬಹುದು. ಅಲ್ಲಿ ಹುಡುಕಬೇಕಾದರೆ ಮೊದಲು ಇಲ್ಲಿಯದನ್ನು ಓದಲು ಕಲಿಯಬೇಕು. ಹೀಗೆ ಹೇಳಿ, ಚಾಕ್‌ಪೀಸ್ ಕೆಳಗಿಟ್ಟು, ಇದು ಬರೀ ಕಲ್ಲು ಮಡಚಿಕೊಂಡದ್ದೂ ಇರಬಹುದು, ನನಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ಟೀಚರನ್ನು ನಾನು ಅವತ್ತು ಕಂಡೆ.

ಅಷ್ಟೇ ಸಾಕಾಯಿತು. ಸ್ಟಾಫ್ ರೂಮಿನಲ್ಲಿ ಅವರಿಗೆ ಇರ್ಬೋದು ಮೇಡಂ ಎಂದು ಹೆಸರು ಬಿತ್ತು. ಹೆಡ್‌ಮೇಷ್ಟ್ರೇ ಇಟ್ಟದ್ದು. ಇವತ್ತು ಮಳೆ ಬರುತ್ತಾ ಮೇಡಂ, ಇರ್ಬೋದಾ? ಟೀ ಬಿಸಿ ಇದೆಯಾ ಮೇಡಂ, ಇರ್ಬೋದಾ? ದಿನವೂ ಇದೇ ಹಾಸ್ಯ, ದಿನವೂ ಎಲ್ಲರೂ ನಗಬೇಕು. ಹೆಡ್‌ಮೇಷ್ಟ್ರು ಕೆಟ್ಟ ಮನುಷ್ಯರಲ್ಲ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನಾನು ಬರೆಯುವುದಿಲ್ಲ. ಆತ ಅಂಜುಬುರುಕ. ಅಂಜುಬುರುಕನ ಕೈಗೆ ಬೀಗದ ಕೈ ಕೊಟ್ಟರೆ ಆಗುವ ಅನಾಹುತ ಕೆಟ್ಟವನಿಂದಲೂ ಆಗುವುದಿಲ್ಲ. ಮಾತು ಕಡಿಮೆ ಮಾಡಿ ಎಂದು ಗೋಡೆಗಳ ಮೇಲೆಲ್ಲ ಬರೆಸಿದ್ದ ಕಾಲ ಅದು, ಎಮರ್ಜೆನ್ಸಿ ಕಾಲ. ಯಾವ ಕಾಗದ ಎಲ್ಲಿಗೆ ಹೋಗಿ ಯಾರ ಕುತ್ತಿಗೆಗೆ ಬರುತ್ತದೋ ಎಂದು ಆತನಿಗೆ ಹಗಲೂ ಭಯ.

ಮೇಡಂ ಕಾಗದ ಬರೆದೇಬಿಟ್ಟರು. ಕಲ್ಲಿನ ಸರ್ವೆ ಮಾಡುವ ಸರ್ಕಾರಿ ಆಫೀಸಿಗೆ, ದಿಬ್ಬದ ಚಿತ್ರ ಬರೆದು, ಅಳತೆ ಕೊಟ್ಟು. ಅಳತೆ ಹಗ್ಗದ ಒಂದು ತುದಿ ನಾನೇ ಹಿಡಿದುಕೊಂಡಿದ್ದೆ. ಉತ್ತರವನ್ನು ಹೆಡ್‌ಮೇಷ್ಟ್ರ ಮೂಲಕ ಕಳಿಸಬೇಕೆಂದು ಕೋರಿದ್ದರು, ಏಕೆಂದರೆ ನಿಯಮ ಹಾಗಿತ್ತು. ನಿಯಮ ಪಾಲಿಸಿದರು, ಅದೇ ತಪ್ಪಾಯಿತು.

ಸೆಪ್ಟೆಂಬರ್ ಮುಗಿಯಿತು, ಉತ್ತರ ಬರಲಿಲ್ಲ. ದಿನವೂ ಹೋಗಿ ಕಾಗದ ಬಂತಾ ಸಾರ್ ಎಂದು ಕೇಳುತ್ತಿದ್ದರು. ಬಂದಿರ್ಬೋದು ಮೇಡಂ, ದಾರಿಯಲ್ಲಿರ್ಬೋದು ಎಂದು ಹೆಡ್‌ಮೇಷ್ಟ್ರು ನಗಿಸುತ್ತಿದ್ದರು.

ದಸರಾ ರಜೆಗೆ ಶಾಲೆ ಮುಚ್ಚುವ ದಿನ ಮೇಡಂ ನನ್ನನ್ನು ಗೇಟಿನ ಬಳಿ ನಿಲ್ಲಿಸಿಕೊಂಡರು. ಗಾಡಿಗೆ ಹೊತ್ತಾಗಿತ್ತು, ಅವಸರದಲ್ಲಿದ್ದರು.

"ನಿಮ್ಮಪ್ಪನಿಗೆ ಹೇಳಮ್ಮ, ಆ ಕಲ್ಲಲ್ಲಿ ಜೀವದ ಗುರುತು ಇರಬಹುದು. ನಾನು ಬರೋವರೆಗೂ ಸ್ವಲ್ಪ ನೋಡ್ಕೊಳ್ಳಿ ಅಂತ."

ಸುಡಬೇಡಿ ಎಂದು ಅವರು ಹೇಳಲಿಲ್ಲ. ಗೆರೆಕಲ್ಲನ್ನು ಯಾರೂ ಸುಡುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ.

ಮನೆಗೆ ಹೋದೆ. ತರೀಕೆರೆಯ ಅಜ್ಜಿ ಮನೆಗೆ ಹೊರಡುವ ಸಂಭ್ರಮದಲ್ಲಿದ್ದೆ, ಚಿಕ್ಕಮಾವ ಬಸ್ಸಿಗೆ ಕಾದು ನಿಂತಿದ್ದ. ಅಪ್ಪ ಗೂಡಿನ ಬಾಯಿ ಬಳಿ ಬಗ್ಗಿದ್ದ. ದೂರದಿಂದಲೇ ಕೂಗಿ ಹೇಳಿದೆ.

"ಅಪ್ಪಾ, ಗೆರೆಕಲ್ಲಲ್ಲಿ ಜೀವ ಐತಂತೆ. ನೋಡ್ಬೇಕಂತೆ. ಮೇಡಂ ಹೇಳಿದ್ರು."

ಇಷ್ಟೇ. ಗುರುತು ಎಂಬ ಮಾತು ಬಿಟ್ಟುಹೋಯಿತು. ಇರಬಹುದು ಎಂಬುದು ನನ್ನ ಬಾಯಲ್ಲಿ ಐತಂತೆ ಆಯಿತು. ನಮ್ಮ ಮನೆಯಲ್ಲಿ ಯಾರೂ ಇರಬಹುದು ಅನ್ನುತ್ತಿರಲಿಲ್ಲ. ಉರಿ ಇದ್ದರೆ ಇದೆ, ಆರಿದ್ದರೆ ಆರಿದೆ. ಅಪ್ಪ ಹೊಗೆಯಿಂದ ಕೆಂಪಾದ ಕಣ್ಣು ಎತ್ತಿ, ಗೆರೆಕಲ್ಲಲ್ಲೇನೇ, ಎಂದು ಎರಡು ಸಲ ಕೇಳಿದ. ಹೂಂ ಎಂದು ಓಡಿದೆ.

ಆ ವರ್ಷ ಹಸ್ತ ಚಿತ್ತೆ ಎರಡೂ ಮಳೆ ಬಿಡದೆ ಹೊಡೆದವು. ಗುಂಡಿಗೆ ಸೊಂಟದುದ್ದ ನೀರು ತುಂಬಿ ಒಳ್ಳೆಯ ಕಲ್ಲೆಲ್ಲ ಮುಳುಗಿತು. ದೀಪಾವಳಿ ಹತ್ತಿರ ಬಂದಿತ್ತು, ಅಜ್ಜಂಪುರದಿಂದ ಶಿವನಿಯವರೆಗೆ ಪ್ರತಿ ಮನೆಗೂ ಸುಣ್ಣ ಬೇಕು. ಅದರ ಮೇಲೆ ರಜೆ ಮುಗಿದ ಕೂಡಲೇ ಶಾಲೆಗೆ ಇನ್‌ಸ್ಪೆಕ್ಷನ್ ಎಂದು ಹೆಡ್‌ಮೇಷ್ಟ್ರು ಸಾಹುಕಾರರ ಬಳಿ ಸುಣ್ಣಕ್ಕೆ ಹೇಳಿದ್ದರು. ನೀರಿನ ಮೇಲೆ ಒಣಗಿ ನಿಂತದ್ದು ಒಂದೇ, ಗೆರೆಕಲ್ಲಿನ ದಿಬ್ಬ. ಆಗ ಅಪ್ಪ ಬಾಯಿಬಿಟ್ಟಿದ್ದಾನೆ, ಹಿಂಗಂತೆ, ಓದಿದ ಮೇಡಂ ಅದರಲ್ಲಿ ಜೀವ ಐತೆ ಅಂದ್ರಂತೆ ಅಂತ. ಸಾಹುಕಾರರಿಗೆ ಅಷ್ಟು ಸಾಕಾಗಿತ್ತು.

ಹದಿನೈದು ದಿನದ ಮೇಲೆ ತರೀಕೆರೆಯಿಂದ ಬಂದೆ. ಬಸ್ಸಿಳಿದು ಬರುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಯಾವಾಗಲೂ ಕಾಣುವುದು ಕಾಣುತ್ತಿರಲಿಲ್ಲ. ಗುಂಡಿಯ ನಡುವೆ ಕೆಂಪು ನೀರು, ನೀರಿನ ಮೇಲೆ ಬರೀ ಆಕಾಶ. ಅಪ್ಪ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸುಟ್ಟ ಕಲ್ಲಿಗೆ ನೀರು ಚಿಮುಕಿಸುತ್ತಿದ್ದ. ಅದು ಕುದಿಯಲಿಲ್ಲ. ಒಂದೆರಡು ಗುಳ್ಳೆ ಬಂದು ನಿಂತಿತು. ಇನ್ನೊಂದು ತೆಗೆದುಕೊಂಡ, ಅದೂ ಅಷ್ಟೇ.

"ಸಿಡಿಯೋ ಕಲ್ಲು ಅಂತ ನಾನು ಬಡ್ಕೊಂಡೆ. ಓದಿದೋರಿಗಿಂತ ನಿಂಗೊತ್ತಾ ಅಂದ್ರು ಸಾಹುಕಾರ್ರು," ಎಂದ ಅಪ್ಪ. "ನಿಮ್ ಮೇಡಂ ಜೀವ ಐತೆ ಅಂದ್ರಲ್ಲೇ. ಸತ್ತ ಕಲ್ಲು ಕಣೇ ಇದು."

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಮೇಡಮ್ಮಿನ ಜೀವ, ಅಪ್ಪನ ಜೀವ, ಎರಡರ ನಡುವೆ ಕೂಗಿ ಓಡಿದ ನಾನು. ಅಪ್ಪನ ಬೆರಳ ತುದಿಯೆಲ್ಲ ಸುಣ್ಣ ತಿಂದು ಬಿರಿದಿತ್ತು. ಕೈಯಲ್ಲಿದ್ದ ಸುಟ್ಟ ಕಲ್ಲಿನ ಬಿಳಿ ಉಂಡೆಯ ಮೇಲೆ ಗೆರೆ ಇನ್ನೂ ಸಣ್ಣಗೆ ಕಾಣುತ್ತಿತ್ತು. ಒಳಗೆ ಹೋಗಿ ನೀರು ಕುಡಿದೆ.

ಆ ಸುಣ್ಣವನ್ನೇ ಶಾಲೆಗೆ ಬಳಿದರು. ಬೇರೆ ಇರಲಿಲ್ಲವಲ್ಲ. ರಜೆ ಮುಗಿಸಿ ಬಂದ ಮೇಡಂ ಗುಂಡಿ ನೋಡಿಕೊಂಡೇ ಶಾಲೆಗೆ ಬಂದಿದ್ದರು. ಪಾಠ ಮಾಡಿದರು, ಆದರೆ ಬೋರ್ಡಿನ ಕಡೆ ತಿರುಗಿಯೇ ಮಾಡಿದರು. ನಾವು ಹೊಸ ಗೋಡೆಗೆ ಒರಗಿ ಕೂತೆವು, ಸಂಜೆ ಎದ್ದಾಗ ಎಲ್ಲರ ಬೆನ್ನ ಮೇಲೂ ಬಿಳಿ ಹುಡಿ. ಆ ಸುಣ್ಣ ಗೋಡೆಗೆ ಹಿಡಿಯಲೇ ಇಲ್ಲ.

ಎರಡು ದಿನ ಬಿಟ್ಟು ಜೀಪು ಬಂತು. ಸರ್ವೆ ಆಫೀಸಿನವರು ಒಬ್ಬರು, ಕೈಯಲ್ಲಿ ಸುತ್ತಿಗೆ, ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಭೂತಗನ್ನಡಿ. ಗುಂಡಿಯ ದಾರಿ ತೋರಿಸಲು ನನ್ನನ್ನು ಕ್ಲಾಸಿನಿಂದ ಕರೆಸಿದರು. ಹೆಡ್‌ಮೇಷ್ಟ್ರ ರೂಮಿನಲ್ಲಿ ಮೇಡಂ ನಿಂತೇ ಇದ್ದರು, ಕಲ್ಲು ಹೋಯಿತು ಸಾರ್ ಎಂದು ಹೇಳಿ ಮುಗಿಸಿದ್ದರು. ಆ ಅಧಿಕಾರಿಗೆ ಅರ್ಥವೇ ಆಗಲಿಲ್ಲ. ಕಲ್ಲು ಒಡೆಯದ ಹಾಗೆ ತಡೆದಿರಿ, ರಜೆ ಮುಗಿದ ಮೇಲೆ ಬರುತ್ತೇವೆ ಎಂದು ಹೋದ ತಿಂಗಳೇ ಬರೆದಿದ್ದೆವಲ್ಲ, ಕಾಗದ ತಲುಪಲಿಲ್ಲವೇ ಎಂದು ಕೇಳಿದರು.

ಹೆಡ್‌ಮೇಷ್ಟ್ರು ಮೇಜಿನ ಡ್ರಾಯರ್ ಎಳೆದರು. ಹಾಜರಿ ಪುಸ್ತಕ ಎತ್ತಿದರು, ಅದರ ಕೆಳಗೆ ಲಕೋಟೆ ಇತ್ತು. ಒಡೆದು, ಓದಿ, ಮತ್ತೆ ಮಡಿಸಿ ಇಟ್ಟಿದ್ದ ಲಕೋಟೆ. ಕ್ರಮ ಕೈಗೊಳ್ಳೋಣ ಅಂತ ಇಟ್ಟಿದ್ದೆ ಸಾರ್ ಎಂದರು. ದಿನವೂ ಬಂದು ಕೇಳುತ್ತಿದ್ದ ಹೆಂಗಸಿಗೆ ದಾರಿಯಲ್ಲಿರ್ಬೋದು ಎನ್ನುತ್ತಿದ್ದಾಗ ಆ ಕಾಗದ ಆತನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಆತ ಸತ್ತು ಎಷ್ಟೋ ವರ್ಷವಾಯಿತು, ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುತ್ತಾರೆ. ಬದುಕಿದ್ದಾಗ ಬರೆಯುವ ಧೈರ್ಯ ಇರಲಿಲ್ಲ, ಈಗಲೂ ಬರೆಯದಿದ್ದರೆ ಯಾವಾಗ ಬರೆಯುವುದು?

ಗುಂಡಿಯ ಬಳಿ ಅಧಿಕಾರಿ ಚೂರುಗಳನ್ನು ಆರಿಸಿ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೇಡಮ್ಮಿನ ಕಡೆ ತಿರುಗಿದರು.

"ಇದ್ದಿರಬಹುದು," ಎಂದರು. "ಇದ್ದ ಜಾಗದಲ್ಲೇ ಇದ್ದಿದ್ರೆ ಏನಾದ್ರೂ ಹೇಳ್ಬಹುದಿತ್ತು. ಒಡೆದ ಚೂರು ನೋಡಿ ಏನೂ ಹೇಳೋಕಾಗಲ್ಲ."

ಇರಬಹುದು ಹೋಗಿ ಇದ್ದಿರಬಹುದು ಆಯಿತು. ಮೇಡಂ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಒಂದು ಚೂರನ್ನು ಎತ್ತಿ, ಒರೆಸಿ, ಮತ್ತೆ ಇದ್ದಲ್ಲೇ ಇಟ್ಟರು.

ಯಾರು ಒಡೆಸಿದ್ದು ಎಂದು ಅಧಿಕಾರಿ ಕೇಳಿದ್ದೇ ತಡ, ಸಾಹುಕಾರರು ಮುಂದೆ ಬಂದರು. ಮೇಡಂ ಅವರೇ ಹೇಳಿ ಕಳಿಸಿದ್ದು ಸ್ವಾಮಿ, ಇದರಲ್ಲಿ ಜೀವ ಐತೆ, ನೋಡಿ ಅಂತ, ಈ ಹುಡುಗಿ ಕೈಲೇ ಹೇಳಿ ಕಳಿಸಿದ್ದು ಅಂದರು. ಸುಳ್ಳಲ್ಲ, ಅವರಿಗೆ ತಲುಪಿದ ಮಾತು ಅದೇ. ಡ್ರಾಯರಿನ ಕಾಗದದಿಂದ ಮುಖ ಬಾಡಿದ್ದ ಹೆಡ್‌ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ನನ್ನ ಕಡೆ ತಿರುಗಿದರು.

"ಮೇಡಂ ಹೇಳಿ ಕಳ್ಸಿದ್ದು ನಿಜವೇನಮ್ಮ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಪ್ಪ ಹಿಂದೆ ಟವೆಲ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಸಾಹುಕಾರರ ಕಣ್ಣು ಅಪ್ಪನ ಮೇಲಿತ್ತು. ಗೂಡಿನಲ್ಲಿ ಜೀವ ಅಂದರೆ ಬೇರೆ ಸಾರ್, ಶಾಲೆಯಲ್ಲಿ ಜೀವ ಅಂದರೆ ಬೇರೆ, ನಾನು ಹೇಳುವಾಗ ತಪ್ಪಾಯಿತು. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅಲ್ಲಿದ್ದವರಲ್ಲಿ ಆ ಎರಡೂ ಮಾತು ಬಲ್ಲವಳು ನಾನೊಬ್ಬಳೇ. ಆದರೆ ಹಾಗೆ ಹೇಳಿದರೆ ತಪ್ಪು ಅಪ್ಪನ ತಲೆಗೆ ಬರುತ್ತದೆ, ಮಗಳ ಮಾತು ಕೇಳಿ ಸಾಹುಕಾರರಿಗೆ ಹೇಳಿದವನು ಅವನೇ. ಅದೂ ಅಲ್ಲದೆ ಒಮ್ಮೆ ಆ ಮಾತಿಗೆ ಎಲ್ಲರೂ ನಕ್ಕಿದ್ದರು.

ನಿಜ ಸಾರ್ ಅಂದೆ.

ಮೇಡಂ ನನ್ನನ್ನು ನೋಡಿದರು. ಅವರಿಗೆ ಏನೋ ಅರ್ಥವಾಗದ ಹಾಗೆ ಹುಬ್ಬು ಕೂಡಿಸಿ, ಹೌದು, ಹೇಳಿ ಕಳಿಸಿದ್ದೆ, ಎಂದು ಅಧಿಕಾರಿಗೆ ಹೇಳಿದರು.

ಹೆಡ್‌ಮೇಷ್ಟ್ರು ಮೇಲಕ್ಕೆ ಬರೆದ ವರದಿಯಲ್ಲಿ ಡ್ರಾಯರಿನ ಮಾತೇ ಇರಲಿಲ್ಲವಂತೆ. ವಿಜ್ಞಾನದ ಸಹಶಿಕ್ಷಕಿಯೇ ಕಲ್ಲು ಸುಡಲು ಸಲಹೆ ಕೊಟ್ಟರು, ಆಮೇಲೆ ಸರ್ಕಾರಿ ಅಧಿಕಾರಿಗಳ ಕಾಲಹರಣ ಮಾಡಿಸಿದರು, ಊರಿನಲ್ಲಿ ವದಂತಿ ಹಬ್ಬಿಸಿದರು ಎಂದಿತ್ತಂತೆ. ವದಂತಿ ಎಂಬ ಮಾತಿಗೆ ಆಗ ಬಹಳ ತೂಕ. ಜನವರಿಯಿಂದ ಮೇಡಮ್ಮಿನ ಆರ್ಡರ್ ಮುಂದುವರಿಯಲಿಲ್ಲ. ನಮ್ಮ ಪರೀಕ್ಷೆಗೆ ಎರಡು ತಿಂಗಳಿರುವಾಗ ವಿಜ್ಞಾನಕ್ಕೆ ಡ್ರಿಲ್ ಮೇಷ್ಟ್ರು ಬಂದರು. ಮೇಡಂ ಕೊನೆಯ ದಿನ ಸ್ಟೇಷನ್ನಿನ ದಾರಿಯಲ್ಲಿ ನಡೆದು ಹೋಗುವುದನ್ನು ಗೂಡಿನ ಮರೆಯಿಂದ ನೋಡಿದೆ. ಅವತ್ತು ಅವರು ದಾರಿಯ ಒಂದು ಕಲ್ಲನ್ನೂ ಎತ್ತಲಿಲ್ಲ.

ನಾನು ಪಾಸಾದೆ. ಮುಂದೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕಿ ಬೀರೂರಿಗೆ ಬಂದೆ. ಹೋಗ್ಬೇಡಿ ಇವಳ ಕೌಂಟರಿಗೆ, ಕಚ್ಚುತ್ತಾಳೆ ಎಂದು ಜಂಕ್ಷನ್ನಿನ ಕೂಲಿಗಳು ಅನ್ನುವಷ್ಟು ಜಗಳಗಂಟಿಯಾದೆ. ಯಾವ ಕಾಗದವೂ ನನ್ನ ಮೇಜಿನ ಮೇಲೆ ರಾತ್ರಿ ಕಳೆಯಲಿಲ್ಲ. ವಿಳಾಸ ಅಳಿಸಿದ್ದರೆ ಊರೂರು ವಿಚಾರಿಸಿ ತಲುಪಿಸಿದೆ. ತಡ ಮಾಡಿದ ಪೋಸ್ಟ್‌ಮ್ಯಾನ್‌ಗಳನ್ನು ಜನರೆದುರೇ ಬಾಯಿಗೆ ಬಂದಂತೆ ಬೈದೆ. ಯಾಕಿಷ್ಟು ಸಿಟ್ಟು ಎಂದು ಕೇಳಿದವರಿಗೆಲ್ಲ ಹೆಡ್‌ಮೇಷ್ಟ್ರ ಡ್ರಾಯರಿನ ಕತೆ ಹೇಳುತ್ತಿದ್ದೆ. ಚೆನ್ನಾಗಿ ಹೇಳುತ್ತಿದ್ದೆ, ಕೇಳಿದವರ ರಕ್ತ ಕುದಿಯುವಂತೆ. ನನ್ನ ಭಾಗವನ್ನು ಬಿಟ್ಟು ಹೇಳುತ್ತಿದ್ದೆ.

ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೌಂಟರಿನ ಜಾಲರಿಯೊಳಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ಅಕ್ಷರ ನೋಡಿದೆ. ಬೋರ್ಡಿನ ಮೇಲೆ ಗೆರೆಕಲ್ಲು ಬರೆದ ಅಕ್ಷರ. ತಲೆ ಎತ್ತಿದರೆ ಮೇಡಂ, ಕೂದಲು ಅಲ್ಲಲ್ಲಿ ನೆರೆತಿತ್ತು. ತರೀಕೆರೆ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಾರಂತೆ. ವಿಜ್ಞಾನ ಅಲ್ಲವಾ ಎಂದು ಕೇಳಿದೆ. ಲೆಕ್ಕದಲ್ಲಿ ಇರಬಹುದು ಇಲ್ಲವಲ್ಲ ಎಂದು ಸಣ್ಣಗೆ ನಕ್ಕರು.

ನನಗೆ ತಡೆಯಲಾಗಲಿಲ್ಲ. ಅವರ ಹಿಂದೆ ಯಾರೂ ಇರಲಿಲ್ಲ. ಹೆಡ್‌ಮೇಷ್ಟ್ರನ್ನು ಬಾಯಿತುಂಬ ಬೈಯಲು ಶುರು ಮಾಡಿದೆ, ಆ ಲಕೋಟೆ, ಆ ಡ್ರಾಯರ್, ಆ ವರದಿ, ಎಂಟು ವರ್ಷ ಊರಿಗೆಲ್ಲ ಹೇಳಿದ್ದನ್ನೆಲ್ಲ. ಅವರು ಪರ್ಸಿನಿಂದ ಚಿಲ್ಲರೆ ಎಣಿಸುತ್ತ ಕೇಳಿಸಿಕೊಂಡರು. ಬೈಗುಳ ಮುಗಿಯಿತು, ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಉಳಿದದ್ದನ್ನೂ ಹೇಳಿದೆ. ಗೂಡಿನಲ್ಲಿ ಜೀವ ಅಂದರೆ ಏನು, ನೋಡು ಅಂದರೆ ಏನು, ಬಸ್ಸಿನ ಅವಸರದಲ್ಲಿ ಏನು ಕೂಗಿದೆ, ಗುಂಡಿಯ ಬಳಿ ಏನು ಹೇಳಲಿಲ್ಲ.

ಮೇಡಂ ಜಾಲರಿಯ ಅಂಚು ಹಿಡಿದುಕೊಂಡರು.

"ಅವತ್ತು ಕ್ಲಾಸಲ್ಲಿ ನೀನು ಹೇಳಿದ್ದೆ, ಕುದ್ದರೆ ಜೀವ ಅಂತ. ನಾನು ನಕ್ಕೆ. ಅದು ನನ್ನ ತಪ್ಪು," ಎಂದರು. ಆಮೇಲೆ ದನಿ ಏರಿಸದೆ, "ಆದರೆ ಅವರು ಕಾಗದಾನ ಡ್ರಾಯರ್‌ನಲ್ಲಿ ಇಟ್ಕೊಂಡ್ರು, ನೀನು ಬಾಯಲ್ಲಿ ಇಟ್ಕೊಂಡೆ. ಅವರದ್ದಾದರೂ ಒಂದು ತಿಂಗಳು ಕಣಮ್ಮ."

ರಸೀದಿ ಕೇಳಿದರು. ಮೊಹರು ಒತ್ತಿ ಕೊಟ್ಟೆ. ಮಡಿಸಿ ಪರ್ಸಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಮತ್ತೆ ನನ್ನ ಕೌಂಟರಿಗೆ ಬರಲಿಲ್ಲ. ಬೀರೂರಿಗೆ ಬಂದಿರಬಹುದು.

ಎದುರು ಮನೆಯ ಡ್ರಮ್ಮಿನಲ್ಲಿ ಅವತ್ತು ಸುಣ್ಣ ಸಂಜೆಯವರೆಗೂ ಕುದಿಯಿತು. ಒಳ್ಳೆಯ ಕಲ್ಲು, ಅಪ್ಪ ನೋಡಿದ್ದರೆ ಜೀವ ಐತೆ ಅನ್ನುತ್ತಿದ್ದ. ಎಸೆದ ಪತ್ರಿಕೆಯನ್ನು ಎತ್ತಿ ತಂದು ಮಂಗಳದ ಬಂಡೆಯ ಸುದ್ದಿಯನ್ನು ಮತ್ತೆ ಓದಿದೆ. ಕಲ್ಲು ಇನ್ನೂ ಅಲ್ಲೇ ಇದೆಯಂತೆ. ಅಲ್ಲಿ ಅದನ್ನು ಸುಡುವವರಿಲ್ಲ, ಅದರ ವಿಷಯ ಹೇಳಿ ಕಳಿಸಲು ನನ್ನಂಥವರೂ ಇಲ್ಲ. ಮಗಳು ಬಂದು, ಸಿಟ್ಟು ಇಳಿಯಿತಾ, ಯಾರ ಮೇಲಮ್ಮ ಅಷ್ಟು ಸಿಟ್ಟು ಎಂದು ಕೇಳಿದಳು. ಹೆಡ್‌ಮೇಷ್ಟ್ರ ಕತೆ ಅವಳಿಗೆ ಬಾಯಿಪಾಠ ಆಗಿದೆ. ಉಳಿದದ್ದನ್ನು ಅವತ್ತು ಹೇಳಿದೆ.